ಹಿಂದಿನ ಸೀಟಿನ ಹಸಿರು ಗುರುತು ಏನು ಹೇಳುತ್ತೆ, ಏನು ಹೇಳಲ್ಲ



ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ, ಊರು ರಾಯಚೂರು. ಇವತ್ತು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬರೋ ಒಂದು ಸಣ್ಣ ಸಂದೇಶದ ಬಗ್ಗೆ ಮಾತಾಡ್ತೀನಿ. ಹಿಂದಿನ ಸೀಟಿನ ಬೆಲ್ಟ್ ಹಾಕಿಲ್ಲ ಅಂತ ಎಚ್ಚರಿಸೋ ಸಂದೇಶ. ಇದರಲ್ಲಿ ಮಾತಾಡೋಕೆ ಏನಿದೆ, ಕೆಂಪು ಬಂದ್ರೆ ಹಾಕಿಲ್ಲ, ಹಸಿರು ಬಂದ್ರೆ ಹಾಕಿದ್ದಾರೆ, ಅಷ್ಟೇ ತಾನೇ ಅಂತ ನಿಮಗೆ ಅನ್ನಿಸಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ.

ಒಂದು ಸಲ ಹಬ್ಬಕ್ಕೆ ಊರಿಗೆ ಹೊರಟಿದ್ವಿ. ನಾನು ಡ್ರೈವಿಂಗ್, ಪಕ್ಕದಲ್ಲಿ ಹೆಂಡತಿ. ಹಿಂದೆ ಮಕ್ಕಳ ಸೀಟಿನಲ್ಲಿ ಮಗಳು, ನನ್ನ ಸೀಟಿನ ಹಿಂದೆ ಅವ್ವ. ಮನೆಯಿಂದ ಹೊರಟ ಕೂಡಲೇ ಕಾರು ಬಡ್ಕೊಳ್ಳೋಕೆ ಶುರು ಮಾಡ್ತು. ಅವ್ವ ಅಂದಳು, "ಹಿಂದ ಕುಂತವರಿಗೆ ಯಾಕಪ್ಪಾ ಬೆಲ್ಟು? ಮುಂದ ಕುಂತವರು ಹಾಕ್ಕೊಂಡ್ರ ಸಾಕಲ್ಲ." ನಾನಂದೆ, "ಅವ್ವಾ, ಹಾಕ್ಕೋ. ಇಲ್ಲಂದ್ರ ಇದು ಬಾಯಿ ಮುಚ್ಚಂಗಿಲ್ಲ." ಹಿಂದಿನಿಂದ ಕ್ಲಿಕ್ ಅಂತ ಕೇಳಿಸ್ತು. ಸದ್ದು ನಿಂತ್ತು. ಪರದೆ ಮೇಲೆ ಎರಡು ಸೀಟಿಗೆ ಹಸಿರು ಗುರುತು ಬಂತು. ನಾನು ನಿಶ್ಚಿಂತೆಯಿಂದ ಹೊರಟೆ.

ಜಡ್ಚರ್ಲಾ ಹತ್ತಿರ ಬೆಂಗಳೂರು ಹೆದ್ದಾರಿ ಬಿಟ್ಟು, ಮೆಹಬೂಬ್‌ನಗರ ದಾಟಿ, ದೇವರಕದ್ರ ಆದ ಮೇಲೆ ಒಂದು ಕಡೆ ಕುರಿ ಹಿಂಡು ರಸ್ತೆಗೆ ಬಂತು. ಸುಮಾರು ಅರವತ್ತರ ವೇಗದಲ್ಲಿದ್ದೆ. ಬ್ರೇಕ್ ಒತ್ತಿದೆ, ಕಾರು ನಿಂತ್ತು, ಯಾವ ಕುರಿಗೂ ಏನೂ ಆಗಲಿಲ್ಲ. ಆದರೆ ನನ್ನ ಸೀಟಿನ ಬೆನ್ನಿಗೆ ದಪ್ ಅಂತ ಏನೋ ಬಡೀತು. ತಿರುಗಿ ನೋಡಿದ್ರೆ ಅವ್ವನ ತುಟಿ ಒಡೆದು ರಕ್ತ ಬರ್ತಿತ್ತು. ಕೈ ಅಡ್ಡ ಕೊಡೋಕೆ ಹೋಗಿ ಮಣಿಕಟ್ಟು ಉಳುಕಿತ್ತು. ಮಗಳು ಮಾತ್ರ ಕೂತಲ್ಲೇ ಕೂತಿದ್ದಳು.

"ಬೆಲ್ಟ್ ಹಾಕ್ಕೊಂಡಿದ್ದೆಲ್ಲವ್ವಾ?" ಅಂತ ಕೇಳಿದೆ.

"ಹಾಕೀನಲ್ಲೋ. ಬೆನ್ನ ಹಿಂದ ಹಾಕೀನಿ. ಮುಂದ ಹಾಕ್ಕೊಂಡ್ರ ಕುತ್ತಿಗಿ ಕೊಯ್ತದ."

ಅವ್ವಂದು ಏನೂ ತಪ್ಪಿಲ್ಲ. ಸದ್ದು ನಿಲ್ಲಿಸೋಕೆ ಬೆಲ್ಟ್ ಹಾಕ್ಕೋ ಅಂತ ಹೇಳಿದ್ದು ನಾನು. ಅವಳು ಸದ್ದು ನಿಲ್ಲಿಸಿದಳು.

ಊರಿಗೆ ಹೋದ ಮೇಲೆ ರಾತ್ರಿ ಕೂತು ಕಾರಿನ ಮ್ಯಾನ್ಯುಯಲ್ ಓದಿದೆ. ಕಾರು ತಗೊಂಡ ದಿನದಿಂದ ಗ್ಲೋವ್ ಬಾಕ್ಸಿನಲ್ಲೇ ಇದ್ದ ಪುಸ್ತಕ. ಅದನ್ನ ಓದಿ, ಆಮೇಲೆ ಇನ್ನಷ್ಟು ಹುಡುಕಿ ತಿಳಿದುಕೊಂಡಿದ್ದನ್ನ ಈಗ ಹೇಳ್ತೀನಿ.

ಬೆಲ್ಟಿನ ನಾಲಿಗೆಯನ್ನ ನಾವು ಚುಚ್ಚೋ ಬಕಲ್ ಒಳಗೆ ಒಂದು ಸಣ್ಣ ಸ್ವಿಚ್ ಇರುತ್ತೆ. ನಾಲಿಗೆ ಒಳಗೆ ಹೋದ್ರೆ ಸ್ವಿಚ್ಚಿನ ಸ್ಥಿತಿ ಬದಲಾಗುತ್ತೆ. ಕಾರಿನ ಕಂಪ್ಯೂಟರಿಗೆ ಸಿಗೋ ಮಾಹಿತಿ ಇಷ್ಟೇ: ನಾಲಿಗೆ ಒಳಗಿದೆ ಅಥವಾ ಇಲ್ಲ. ಬೆಲ್ಟು ಎದೆ ಮೇಲಿದೆಯೋ ಬೆನ್ನ ಹಿಂದಿದೆಯೋ ಅದಕ್ಕೆ ಗೊತ್ತಾಗೋ ದಾರಿಯೇ ಇಲ್ಲ.

ಡ್ರೈವರ್ ಪಕ್ಕದ ಸೀಟಿನಲ್ಲಿ ಸಾಮಾನ್ಯವಾಗಿ ಇನ್ನೊಂದು ಸೆನ್ಸರ್ ಇರುತ್ತೆ. ಕುಶನ್ ಕೆಳಗೆ ತೆಳ್ಳಗಿನ ಹಾಳೆ ಥರದ್ದು, ಭಾರ ಬಿದ್ದರೆ ಗೊತ್ತು ಮಾಡ್ಕೊಳ್ಳುತ್ತೆ. ಹಾಗಾಗಿ ಆ ಸೀಟಿಗೆ ಕಾರು ಎರಡು ಪ್ರಶ್ನೆ ಕೇಳುತ್ತೆ: ಯಾರಾದ್ರೂ ಕೂತಿದ್ದಾರಾ? ಕೂತಿದ್ರೆ ಬೆಲ್ಟ್ ಹಾಕಿದ್ದಾರಾ? ಹಿಂದಿನ ಸೀಟಿಗೆ ಎಷ್ಟೋ ಕಾರುಗಳು ಎರಡನೇ ಪ್ರಶ್ನೆ ಮಾತ್ರ ಕೇಳ್ತವೆ. ಅಲ್ಲಿ ಭಾರ ಅಳೆಯೋ ಸೆನ್ಸರ್ ಇರೋದಿಲ್ಲ. ಅಂಥ ಕಾರಿಗೆ ಖಾಲಿ ಸೀಟು, ಬೆಲ್ಟ್ ಹಾಕದೆ ಕೂತ ಅಜ್ಜಿ, ಎರಡೂ ಒಂದೇ.

ಇದು ಅರ್ಥವಾದ್ರೆ ಸಂದೇಶಗಳೆಲ್ಲ ಅರ್ಥವಾಗ್ತವೆ.

ಮೊದಲನೇದು, ಕಾರು ಶುರು ಮಾಡಿದಾಗ ಬರೋ ಮೂರು ಸೀಟಿನ ಚಿತ್ರ. ಯಾವ ಬೆಲ್ಟ್ ಬಿಗಿದಿದೆ, ಯಾವುದು ಇಲ್ಲ ಅಂತ ತೋರಿಸಿ ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತೆ. ಯುರೋಪಿನ ದೇಶಗಳು ಪಾಲಿಸೋ ವಿಶ್ವಸಂಸ್ಥೆಯ 16ನೇ ವಾಹನ ನಿಯಮದಲ್ಲಿ ಹಿಂದಿನ ಸೀಟಿನ ಈ ಸೂಚನೆ ಕನಿಷ್ಠ 60 ಸೆಕೆಂಡ್ ಇರಬೇಕು ಅಂತಿದೆ. ಬಹಳ ಜನ ಇಲ್ಲೇ ಎಡವೋದು. ಚಿತ್ರ ಹೋಯ್ತು ಅಂದ್ರೆ ಎಲ್ಲ ಸರಿ ಇದೆ ಅಂತ ಅಲ್ಲ, ಅದರ ಸಮಯ ಮುಗೀತು ಅಂತ. ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಿರೋದು ನಿಮಗೆ. ಹಿಂದೆ ಇಬ್ಬರು ಕೂತಿದ್ದು ಗುರುತು ಒಂದೇ ಬಂದಿದ್ರೆ, ಆ ಲೆಕ್ಕ ನೀವೇ ಮಾಡಬೇಕು.

ಎರಡನೇದು, ಓಡ್ತಿರುವಾಗ ಇದ್ದಕ್ಕಿದ್ದಂತೆ ಸದ್ದಿನ ಜೊತೆ ಬರೋ ಕೆಂಪು ಗುರುತು. ಬಿಗಿದಿದ್ದ ಬೆಲ್ಟು ಈಗ ಬಿಚ್ಚಿದೆ ಅಂತ ಅರ್ಥ. ಇದನ್ನ ಎಲ್ಲಕ್ಕಿಂತ ಹೆಚ್ಚು ನಂಬಬಹುದು, ಯಾಕಂದ್ರೆ ಬದಲಾವಣೆ ನಿಜವಾಗಿ ನಡೆದಿದೆ. ಸಾಮಾನ್ಯವಾಗಿ ಮಗು ಬಟನ್ ಒತ್ತಿರುತ್ತೆ, ಇಲ್ಲಾ ಯಾರೋ ಕೆಳಗೆ ಬಿದ್ದ ಫೋನ್ ಎತ್ಕೊಳ್ಳೋಕೆ ಬಿಚ್ಚಿರ್ತಾರೆ. ಓಕೆ ಒತ್ತಿ ಸಂದೇಶ ಕಳಿಸಿಬಿಡಬೇಡಿ. ಪಕ್ಕಕ್ಕೆ ನಿಲ್ಲಿಸಿ, ಹಾಕಿಸಿ, ಹೊರಡಿ.

ಮೂರನೇದು, ಹಿಂದೆಯೂ ಭಾರದ ಸೆನ್ಸರ್ ಇರೋ ಕಾರುಗಳದ್ದು. ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ತರಕಾರಿ ಚೀಲ ಇಟ್ಟರೂ ಮನುಷ್ಯ ಕೂತಿದ್ದಾನೆ ಅಂದ್ಕೊಂಡು ಕೂಗುತ್ತೆ. ಮಕ್ಕಳ ಸೀಟನ್ನ ಕಾರಿನ ಬೆಲ್ಟಿಲ್ಲದೆ ಐಸೋಫಿಕ್ಸ್ ಕೊಂಡಿಗೆ ಕಟ್ಟಿದ್ರೂ ಕೂಗಬಹುದು. ಅದಕ್ಕೆ ಏನು ಮಾಡಬೇಕು ಅಂತ ನಿಮ್ಮ ಮ್ಯಾನ್ಯುಯಲ್‌ನಲ್ಲಿ ನೋಡಿ. ಚೀಲವನ್ನ ಡಿಕ್ಕಿಗೆ ಹಾಕಿ.

ಇನ್ನೊಂದು ಸಂದೇಶ ಇದೆ, ಅದಕ್ಕೂ ಬೆಲ್ಟಿಗೂ ಸಂಬಂಧ ಇಲ್ಲ. ಕಾರು ಆಫ್ ಮಾಡಿದಾಗ "ಹಿಂದಿನ ಸೀಟು ನೋಡಿ" ಅಂತ ಕೆಲವು ಕಾರುಗಳಲ್ಲಿ ಬರುತ್ತೆ. ಹೊರಡೋ ಮುಂಚೆ ಹಿಂದಿನ ಬಾಗಿಲು ತೆಗೆದಿದ್ರಿ ಅನ್ನೋದನ್ನ ನೆನಪಿಟ್ಟುಕೊಂಡು, ಮಗುವನ್ನ ಒಳಗೇ ಬಿಟ್ಟು ಹೋಗಬೇಡಿ ಅಂತ ಹೇಳೋದು ಅದು.

ನನ್ನ ಕೆಲಸದಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಅಲರ್ಟ್ ಬರುತ್ತೆ. ಸುಮ್ಮಸುಮ್ಮನೆ ಬರೋ ಅಲರ್ಟುಗಳನ್ನ ಜನ ಮೊದಲು ಬೈತಾರೆ, ಆಮೇಲೆ ಮ್ಯೂಟ್ ಮಾಡ್ತಾರೆ. ಕಾರಿನಲ್ಲೂ ಅದೇ ಆಗಿದೆ. ಬೆಲ್ಟನ್ನ ಖಾಯಂ ಆಗಿ ಬಿಗಿದು ಅದರ ಮೇಲೇ ಕೂರ್ತಾರೆ. ಇಲ್ಲಾಂದ್ರೆ ಬಕಲ್ಲಿಗೆ ಚುಚ್ಚೋಕೆ ಬರೀ ನಾಲಿಗೆ ಕೊಂಡು ತರ್ತಾರೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಕೊಟ್ಟು ಇಂಥ ಕ್ಲಿಪ್ಪುಗಳ 13,118 ಪುಟಗಳನ್ನ ತೆಗೆಸಿತು. ಎಚ್ಚರಿಕೆಯನ್ನ ಸುಮ್ಮನಾಗಿಸೋ ವಸ್ತುವಿಗೆ ಅಷ್ಟು ದೊಡ್ಡ ಮಾರುಕಟ್ಟೆ ಇತ್ತು.

ಇಷ್ಟಕ್ಕೂ ಹಿಂದೆ ಕೂತವರಿಗೆ ಬೆಲ್ಟ್ ಯಾಕೆ? ಅವ್ವನ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಐವತ್ತು ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಆದ್ರೆ ಅದು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದ್ರೆ ಮೂರು ಅಂತಸ್ತಿನ ಮನೆ ಮೇಲಿಂದ ಬಿದ್ದ ಹಾಗೆ. ಎಂಬತ್ತರಲ್ಲಿ ಇಪ್ಪತ್ತೈದು ಮೀಟರ್. ಕಾರು ನಿಲ್ಲುತ್ತೆ, ಒಳಗಿನ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತೆ. ಅರವತ್ತು ಕೆಜಿಯ ಅವ್ವ ಹೋಗಿ ಬೀಳೋದು ಮುಂದೆ ಕೂತವರ ಮೇಲೆ. 2002ರಲ್ಲಿ ಜಪಾನಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹಿಂದಿನವರು ಬೆಲ್ಟ್ ಹಾಕದಿದ್ರೆ, ಬೆಲ್ಟ್ ಹಾಕಿಕೊಂಡೇ ಮುಂದೆ ಕೂತವರು ಸಾಯೋ ಅಪಾಯ ಹತ್ತಿರ ಹತ್ತಿರ ಐದು ಪಟ್ಟು ಹೆಚ್ಚಿತ್ತು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. ಒಳ್ಳೆಯ ಕಾರು, ಏರ್‌ಬ್ಯಾಗುಗಳಿದ್ದ ಕಾರು. ಮುಂದಿದ್ದ ಇಬ್ಬರು ಗಾಯಗೊಂಡು ಬದುಕಿದ್ರು. ಹಿಂದಿದ್ದ ಇಬ್ಬರೂ ಹೋದ್ರು. ಅವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2021ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,397 ಜನ, ಅದರಲ್ಲಿ 7,959 ಜನ ಪ್ರಯಾಣಿಕರು.

ಕಾನೂನು ಹೊಸದೇನಲ್ಲ. ಮುಂದಕ್ಕೆ ಮುಖ ಮಾಡಿರೋ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿ ಮಿಸ್ತ್ರಿ ಅಪಘಾತಕ್ಕಿಂತ ಎಷ್ಟೋ ಮುಂಚೆಯೇ ಇತ್ತು. ದಂಡ 1,000 ರೂಪಾಯಿ. ಸದ್ದಿನ ವಿಷಯದಲ್ಲಿ ಮಾತ್ರ ಹಿಂದಿನ ಸೀಟು ಹಿಂದೇ ಉಳೀತು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಡ್ರೈವರ್ ಮತ್ತು ಪಕ್ಕದವರಿಗೆ ಎಚ್ಚರಿಕೆ ಕಡ್ಡಾಯ ಆಯ್ತು. ನಿಮ್ಮದು ಸ್ವಲ್ಪ ಹಳೇ ಕಾರಾದ್ರೆ ಹಿಂದಿನ ಸೀಟಿನ ಬಗ್ಗೆ ಅದು ಏನೂ ಹೇಳದೆ ಇರಬಹುದು.

ಈಗ ಅವ್ವನ ಕುತ್ತಿಗೆ ವಿಷಯ. ಅದು ನೆಪ ಅಲ್ಲ, ನಿಜವಾದ ತೊಂದರೆ. ಊರಲ್ಲೇ, ನಿಂತ ಕಾರಿನಲ್ಲಿ ಅವಳ ಪಕ್ಕ ಕೂತು ನೋಡಿದೆ. ಅವ್ವ ಬಾಗಿಲಿಗೆ ಒತ್ತಿ ಕೂರ್ತಿದ್ದಳು, ಹಾಗಾಗಿ ಪಟ್ಟಿ ಕುತ್ತಿಗೆಗೆ ಉಜ್ಜುತ್ತಿತ್ತು. ನಾಲ್ಕು ಬೆರಳಷ್ಟು ಒಳಗೆ ಸರಿದು, ಬೆನ್ನು ಪೂರ್ತಿ ಆನಿಸಿ ಕೂತಾಗ ಪಟ್ಟಿ ಭುಜದ ನಡುಮಧ್ಯ ಬಂತು. ಸೆರಗಿನ ಗಂಟು, ಸ್ವೆಟರ್ ಎಲ್ಲ ಪಕ್ಕಕ್ಕೆ ಸರಿಸಿದ್ವಿ. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಇರಬೇಕು. ಬಸುರಿಯರಿಗೂ ಅಷ್ಟೇ, ಹೊಟ್ಟೆಯ ಕೆಳಗೆ. ಮೇಲಿನ ಪಟ್ಟಿಯನ್ನ ಕಂಕುಳ ಕೆಳಗೆ ಹಾಕಬಾರದು. ಆಮೇಲೆ ಇನ್ನೊಂದು ಕಂಡಿತು. ನಾನೇ ಹಾಕಿಸಿದ ಸೀಟ್ ಕವರ್ ನಡುವಿನ ಬಕಲ್ಲನ್ನ ಪೂರ್ತಿ ಮುಚ್ಚಿಬಿಟ್ಟಿತ್ತು! ಅಷ್ಟು ದಿನ ಅಲ್ಲಿ ಕೂತವರು ಯಾರೂ ಬೆಲ್ಟ್ ಹಾಕಿರೋಕೆ ಸಾಧ್ಯವೇ ಇರಲಿಲ್ಲ.

ನಿಮಗೆ ಒಂದು ಸಣ್ಣ ಕೆಲಸ ಕೊಡ್ತೀನಿ, ಐದು ನಿಮಿಷದ್ದು. ಕಾರನ್ನ ಪಾರ್ಕಿಂಗಿನಲ್ಲೇ ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ. ಮನೆಯವರೊಬ್ಬರನ್ನ ಹಿಂದೆ ಕೂರಿಸಿ. ಮೂರೂ ಬೆಲ್ಟುಗಳನ್ನ ಒಂದೊಂದಾಗಿ ಹಾಕಿಸಿ, ಬಿಚ್ಚಿಸಿ. ಪರದೆ ಮೇಲೆ ಯಾವ ಗುರುತು ಬದಲಾಗುತ್ತೆ ನೋಡಿ. ಯಾರೂ ಇಲ್ಲದ ಸೀಟಿನ ಮೇಲೆ ಒಂದು ಭಾರದ ಚೀಲ ಇಟ್ಟು ನೋಡಿ. ನಿಮ್ಮ ಕಾರಿಗೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅಂತ ತಿಳಿಯುತ್ತೆ. ಓಡುವಾಗಿನ ಎಚ್ಚರಿಕೆಯನ್ನ ಮಾತ್ರ ರಸ್ತೆಯಲ್ಲಿ ಪರೀಕ್ಷೆ ಮಾಡಬೇಡಿ, ಮ್ಯಾನ್ಯುಯಲ್‌ನಲ್ಲಿ ಓದಿ.

ನಾನು ಈಗ ಗೇರ್ ಹಾಕೋ ಮುಂಚೆ ತಿರುಗಿ ನೋಡ್ತೀನಿ. ಕೇಳೋ ಮಾತೂ ಬದಲಾಗಿದೆ. ಮೊದಲು "ಬೆಲ್ಟ್ ಹಾಕಿದ್ಯಾ?" ಅಂತಿದ್ದೆ. ಈಗ, "ಅವ್ವಾ, ಭುಜದ ಮ್ಯಾಲ ಬಂತಾ?" ಅಂತೀನಿ. ಅವ್ವ ಉತ್ತರ ಕೊಡೋಕೆ ಮುಂಚೆ ಪಕ್ಕದಲ್ಲಿರೋ ಮಗಳೇ ನೋಡಿ ಹೇಳ್ತಾಳೆ. ಒಂದು ಸಲ, "ಇಲ್ಲ ಅಪ್ಪಾ, ಅಜ್ಜಿ ಮತ್ತ ಹಿಂದ ಹಾಕ್ಯಾಳ" ಅಂದಳು.

ಡ್ಯಾಶ್‌ಬೋರ್ಡಿನಲ್ಲಿ ಆಗಲೂ ಹಸಿರೇ ಇತ್ತು.