ಬೆಣ್ಣೆಬಟ್ಟಲ ಹೂವು



ಹೂವಿನ ಮಾತಿಗೆ ಬರುವ ಮೊದಲು ಸ್ವಲ್ಪ ಬೆಣ್ಣೆಯ ಮಾತು. ನಮ್ಮ ಮನೆಯಲ್ಲಿ ಹಸುವೂ ಇತ್ತು, ಎಮ್ಮೆಯೂ ಇತ್ತು. ಅಜ್ಜಿ ಎರಡರ ಮೊಸರನ್ನೂ ಬೇರೆಬೇರೆಯಾಗಿ ಕಡೆಯುತ್ತಿದ್ದರು. ಎಮ್ಮೆಯ ಬೆಣ್ಣೆ ಮಲ್ಲಿಗೆ ಬಿಳುಪು, ಹಸುವಿನದು ಹಳದಿ. ಅದರಲ್ಲೂ ಮಳೆ ಹಿಡಿದು ಹಸಿ ಹುಲ್ಲು ಮೇಯಲು ಸಿಕ್ಕ ತಿಂಗಳಲ್ಲಿ ಚಿಟಿಕೆ ಅರಿಶಿನ ಬೆರೆಸಿದ ಹಾಗೆ ಕಾಣುತ್ತಿತ್ತು. ಬೇಸಿಗೆ ಬಂದು ಒಣಹುಲ್ಲು ಹಾಕತೊಡಗಿದರೆ ಅದೇ ಹಸುವಿನ ಬೆಣ್ಣೆಗೆ ಅಷ್ಟು ಬಣ್ಣವಿಲ್ಲ. ದನ ಕಟ್ಟಿದ ಯಾರಿಗೂ ಇದು ಗೊತ್ತಿರುವ ಸಂಗತಿ.

ಇಂಗ್ಲೆಂಡಿನ, ಐರ್ಲೆಂಡಿನ ರೈತರಿಗೂ ಇದು ಗೊತ್ತಿತ್ತು. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಒಣಹುಲ್ಲು ತಿಂದ ಹಸುಗಳನ್ನು ಮೇ ತಿಂಗಳಲ್ಲಿ ಹುಲ್ಲುಗಾವಲಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಬೆಣ್ಣೆ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಅದೇ ಹೊತ್ತಿಗೆ ಆ ಹುಲ್ಲುಗಾವಲಿನ ತುಂಬ ಒಂದು ಪುಟ್ಟ ಹಳದಿ ಹೂ ಅರಳಿ ನಿಂತಿರುತ್ತಿತ್ತು. ಐದು ಎಸಳು, ಬಟ್ಟಲಿನ ಆಕಾರ, ಒಳಗೆಲ್ಲ ತುಪ್ಪ ಸವರಿದಂಥ ಹೊಳಪು. ಈ ಹೂವಿನಿಂದಲೇ ಬೆಣ್ಣೆಗೆ ಆ ಬಣ್ಣ ಬಂತು ಎಂದು ಅವರು ನಂಬಿದರು. ಹೆಸರೂ ಹಾಗೇ ನಿಂತಿತು: ಬಟರ್‌ಕಪ್. ನಾನು ಇವತ್ತು ಅದನ್ನು ಬೆಣ್ಣೆಬಟ್ಟಲು ಎಂದೇ ಕರೆಯುತ್ತೇನೆ, ನೀವು ಒಪ್ಪಿದರೆ.

ಈ ಹೆಸರಿಗೆ ಬಹಳ ವಯಸ್ಸೇನೂ ಆಗಿಲ್ಲ. ಇಂಗ್ಲಿಷಿನಲ್ಲಿ ಇದು ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ಅದಕ್ಕೂ ಮೊದಲು ಈ ಗಿಡ ಕಾಗೆಗಾಲು, ಅಂದರೆ ಕ್ರೋಫುಟ್. ಎಲೆ ಸೀಳುಸೀಳಾಗಿ ಬೆರಳು ಚಾಚಿದ ಹಾಗಿರುವುದರಿಂದ ಆ ಹೆಸರು. ಜರ್ಮನ್ನರು ಅದೇ ಎಲೆಯಲ್ಲಿ ಹುಂಜದ ಕಾಲನ್ನು ಕಂಡರು. ಫ್ರೆಂಚರು ಹೂವನ್ನು ನೋಡಿ ಚಿನ್ನದ ಗುಂಡಿ ಎಂದರು. ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್ ಮೂರು ಕಡೆಯೂ ಅವರವರ ಭಾಷೆಯಲ್ಲಿ ಇದು ಬೆಣ್ಣೆಹೂವೇ. ಮೂರೂ ಹೈನು ನಾಡುಗಳು ಎಂಬುದನ್ನು ಗಮನಿಸಿ. ಹಾಲು ಕರೆಯುವ ಕೈ ಎಲ್ಲಿದೆಯೋ ಅಲ್ಲಿ ಈ ಹೂವಿಗೆ ಬೆಣ್ಣೆಯ ಹೆಸರು ಅಂಟಿಕೊಂಡಿದೆ. ಸಸ್ಯಶಾಸ್ತ್ರದ ಹೆಸರು ಮಾತ್ರ ಕೊಟ್ಟಿಗೆಯಿಂದ ಬಂದದ್ದಲ್ಲ. ರನನ್‌ಕ್ಯುಲಸ್ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಕಪ್ಪೆ. ಗ್ರೀಕರೂ ಇದನ್ನು ಕಪ್ಪೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಈ ಕುಲದ ಎಷ್ಟೋ ಗಿಡಗಳು ಕೆರೆಯಂಚು, ಕಾಲುವೆ, ಜೌಗು ನೆಲದಲ್ಲಿ ಕಪ್ಪೆಗಳ ನೆರೆಯಲ್ಲೇ ಬೆಳೆಯುತ್ತವೆ. ಕೆಲವು ನೀರಿನೊಳಗೇ ಬದುಕುತ್ತವೆ. ಮುಳುಗಿದ ಎಲೆ ಕೂದಲಿನ ಎಳೆ, ತೇಲುವ ಎಲೆ ಅಗಲ, ಎರಡೂ ಒಂದೇ ಗಿಡದಲ್ಲಿ. ಇದರ ತೀರ ಬೇರೆ ತುದಿಯಲ್ಲಿ ಆಲ್ಪ್ಸ್ ಪರ್ವತದ ಒಂದು ಜಾತಿ ನಾಲ್ಕು ಸಾವಿರ ಮೀಟರಿಗೂ ಮೇಲೆ, ಹಿಮದ ಪಕ್ಕದಲ್ಲಿ ಹೂ ಬಿಡುತ್ತದೆ. ಒಟ್ಟು ಐನೂರಕ್ಕೂ ಹೆಚ್ಚು ಜಾತಿಗಳು.

ಈಗ ಬೆಣ್ಣೆಯ ನಂಬಿಕೆಗೆ ಮರಳೋಣ. ಅದರಲ್ಲಿ ಒಂದು ದೊಡ್ಡ ತೊಡಕಿದೆ. ಹಸು ಈ ಗಿಡವನ್ನು ಮುಟ್ಟುವುದಿಲ್ಲ. ಸುತ್ತಲಿನ ಹುಲ್ಲನ್ನೆಲ್ಲ ನುಣ್ಣಗೆ ಮೇಯ್ದು, ಬೆಣ್ಣೆಬಟ್ಟಲನ್ನು ಬಿಟ್ಟು ಮುಂದೆ ಹೋಗುತ್ತದೆ. ದನ ಹೆಚ್ಚು ಮೇಯ್ದ ಗದ್ದೆಯಲ್ಲಿ ಈ ಹೂ ಇನ್ನಷ್ಟು ತುಂಬಿಕೊಳ್ಳುವುದೂ ಅದಕ್ಕೇ. ಗಿಡದ ರಸದಲ್ಲಿ ರನನ್‌ಕ್ಯುಲಿನ್ ಎಂಬ ವಸ್ತುವಿದೆ. ಎಲೆಯನ್ನು ಅಗಿದಾಗ ಅಥವಾ ಜಜ್ಜಿದಾಗ ಗಿಡದಲ್ಲೇ ಇರುವ ಕಿಣ್ವ ಅದನ್ನು ಒಡೆಯುತ್ತದೆ. ಆಗ ಹುಟ್ಟುವುದು ಪ್ರೋಟೋಅನಿಮೋನಿನ್ ಎಂಬ ಉರಿ ಪದಾರ್ಥ. ಬಾಯಿ ಸುಡುತ್ತದೆ, ಜೊಲ್ಲು ಸುರಿಯುತ್ತದೆ, ಬೊಬ್ಬೆ ಏಳುತ್ತದೆ. ಮೇವಿಲ್ಲದೆ ಹಸಿದ ದನ ತಪ್ಪಿ ತಿಂದರೆ ಹೊಟ್ಟೆ ಕೆಡುತ್ತದೆ. ಅದೇ ಗಿಡವನ್ನು ಹುಲ್ಲಿನ ಜೊತೆ ಕೊಯ್ದು ಒಣಗಿಸಿದರೆ ಆ ಪದಾರ್ಥದ ಎರಡೆರಡು ಅಣುಗಳು ಜೋಡಿಯಾಗಿ ಅನಿಮೋನಿನ್ ಆಗುತ್ತವೆ, ಉರಿ ಇಳಿದುಹೋಗುತ್ತದೆ. ಬಣವೆಯ ಹುಲ್ಲಿನಲ್ಲಿ ಬೆಣ್ಣೆಬಟ್ಟಲಿದ್ದರೂ ದನಕ್ಕೆ ಕೇಡಿಲ್ಲ.

ಹಾಗಾದರೆ ಆ ರೈತರು ಪೂರ್ತಿ ತಪ್ಪಿದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಬೆಣ್ಣೆಯ ಹಳದಿ ಬರುವುದು ಕ್ಯಾರೊಟಿನ್‌ನಿಂದ. ಅದು ಹಸಿ ಹುಲ್ಲಿನಲ್ಲಿ ಹೇರಳವಾಗಿರುತ್ತದೆ, ಆದರೆ ಹಸಿರಿನ ಮರೆಯಲ್ಲಿ ಕಾಣುವುದಿಲ್ಲ. ಹುಲ್ಲು ಒಣಗಿದಾಗ ಬಹುಪಾಲು ನಾಶವಾಗುತ್ತದೆ. ಹಸು ಅದನ್ನು ಹಾಲಿನ ಜಿಡ್ಡಿಗೆ ಸೇರಿಸುತ್ತದೆ. ಎಮ್ಮೆ ಅದನ್ನು ವಿಟಮಿನ್ ಎ ಆಗಿ ಬದಲಿಸಿಬಿಡುತ್ತದೆ, ಆದ್ದರಿಂದಲೇ ಅಜ್ಜಿಯ ಎರಡನೆಯ ಗಡಿಗೆಯ ಬೆಣ್ಣೆ ಬಿಳಿ. ಬೆಣ್ಣೆಬಟ್ಟಲಿನ ಎಸಳಿಗೆ ಬಣ್ಣ ಕೊಡುವುದೂ ಇದೇ ಬಳಗದ ವಸ್ತು. ಬೆಣ್ಣೆಯ ಬಣ್ಣ ಮೇ ತಿಂಗಳ ಹುಲ್ಲುಗಾವಲಿನಿಂದ ಬರುತ್ತದೆ ಎಂದು ಅವರು ಕಂಡುಕೊಂಡದ್ದು ನಿಜ, ಹೂವಿಗೂ ಬೆಣ್ಣೆಗೂ ಬಣ್ಣದ ನಂಟಿದೆ ಎಂದದ್ದೂ ನಿಜ. ತಪ್ಪಿದ್ದು ಯಾವ ಗಿಡ ಎಂಬುದರಲ್ಲಿ ಮಾತ್ರ. ಪ್ರಯೋಗಶಾಲೆಯಿಲ್ಲದೆ ಬರೀ ಕಣ್ಣಿನಿಂದ ಅಷ್ಟು ಹತ್ತಿರ ಬಂದವರ ಬಗ್ಗೆ ನನಗೆ ಬಹಳ ಗೌರವ.

ಐರ್ಲೆಂಡಿನಲ್ಲಿ ಬೆಣ್ಣೆ ಎಂದರೆ ಮನೆಯ ಭಾಗ್ಯವೇ. ಮೇ ಮೊದಲ ದಿನ ಅಲ್ಲಿ ಬ್ಯಾಲ್ಟಿನ ಹಬ್ಬ, ಬೇಸಿಗೆಯ ಆರಂಭ. ಆ ಬೆಳಗ್ಗೆ ಮಾಟಗಾತಿಯರೂ ಯಕ್ಷಿಣಿಯರೂ ನೆರೆಮನೆಯ ಬೆಣ್ಣೆಯ ಸತ್ವವನ್ನು ಕದಿಯುತ್ತಾರೆ ಎಂಬ ಭಯವಿತ್ತು. ಕಡೆದೂ ಕಡೆದೂ ಕೈ ಸೋತರೂ ಬೆಣ್ಣೆ ತೇಲದಿದ್ದರೆ ಯಾರೋ ಕದ್ದಿದ್ದಾರೆ ಎಂದೇ ಅರ್ಥ. ಅದಕ್ಕಾಗಿ ಹಿಂದಿನ ಸಂಜೆಯೇ ಹಳದಿ ಹೂಗಳನ್ನು ತಂದು ಹೊಸ್ತಿಲಿಗೆ, ಕೊಟ್ಟಿಗೆಯ ಬಾಗಿಲಿಗೆ ಹರಡುತ್ತಿದ್ದರು. ಅವುಗಳಲ್ಲಿ ಮುಖ್ಯವಾದದ್ದು ಬೆಣ್ಣೆಬಟ್ಟಲಿನ ದಾಯಾದಿ, ಜೌಗಿನಲ್ಲಿ ಬೆಳೆಯುವ ಮಾರ್ಷ್ ಮ್ಯಾರಿಗೋಲ್ಡ್. ಐರಿಷ್ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ ಬ್ಯಾಲ್ಟಿನದ ಹಳದಿ ಗಿಡ. ಬೆಣ್ಣೆಬಟ್ಟಲನ್ನು ಹಸುವಿನ ಕೆಚ್ಚಲಿಗೆ ಉಜ್ಜುವ ಪದ್ಧತಿಯೂ ಇತ್ತು. ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ ಹೂ ಸಿಕ್ಕಿಸಿ ಹೊಸ್ತಿಲಲ್ಲಿಡುವ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಔಷಧಿಯ ಕಥೆ ಅಷ್ಟು ಹಿತವಲ್ಲ. ಬೊಬ್ಬೆ ಎಬ್ಬಿಸುವ ಗುಣವನ್ನೇ ಚಿಕಿತ್ಸೆ ಮಾಡಿಕೊಂಡ ಕಾಲವೊಂದಿತ್ತು. ಒಳಗಿನ ನೋವನ್ನು ಹೊರಗಿನ ಹುಣ್ಣಿನಿಂದ ಎಳೆದು ತೆಗೆಯಬಹುದು ಎಂಬ ವಿಚಾರ. ನಮ್ಮಲ್ಲಿ ಚಿತ್ರಮೂಲದ ಬೇರನ್ನು ಅರೆದು ಹಚ್ಚುತ್ತಿದ್ದದ್ದು ನೆನಪಿಸಿಕೊಳ್ಳಿ. 1597ರಲ್ಲಿ ಜಾನ್ ಜೆರಾರ್ಡ್ ಪ್ರಕಟಿಸಿದ ಪ್ರಸಿದ್ಧ ಮೂಲಿಕಾ ಗ್ರಂಥದಲ್ಲಿ ಇನ್ನೊಂದು ಬಳಕೆಯ ಮಾತು ಬರುತ್ತದೆ. ಭಿಕ್ಷುಕರು ಈ ಎಲೆಯನ್ನು ಜಜ್ಜಿ ಕೈಕಾಲಿಗೆ ಕಟ್ಟಿಕೊಂಡು, ಹುಣ್ಣು ಎಬ್ಬಿಸಿಕೊಂಡು ದಾರಿಹೋಕರ ಮರುಕ ಗಳಿಸುತ್ತಿದ್ದರಂತೆ. ಬರೆದವರು ಅದನ್ನು ಕಪಟವೆಂದು ಕಂಡರು. ನನಗೆ ಮಾತ್ರ ಒಂದು ತುತ್ತಿಗಾಗಿ ತನ್ನ ಚರ್ಮವನ್ನೇ ಸುಟ್ಟುಕೊಳ್ಳುವವನ ಹಸಿವೇ ಕಣ್ಣಿಗೆ ಕಟ್ಟುತ್ತದೆ. ಇನ್ನು ಸೆಲಂಡೈನ್ ಎಂಬ ಪುಟ್ಟ ಬಂಧುವಿನ ಬೇರುಗಂಟುಗಳು ಮೂಲವ್ಯಾಧಿಯ ಮೊಳಕೆಯಂತೆ ಕಾಣುವುದರಿಂದ ಅದೇ ಅದಕ್ಕೆ ಮದ್ದು ಎಂದು ಬಹುಕಾಲ ನಂಬಿದ್ದರು. ವರ್ಡ್ಸ್‌ವರ್ತ್ ತುಂಬ ಪ್ರೀತಿಸಿ ಕವಿತೆ ಬರೆದದ್ದೂ ಇದೇ ಸೆಲಂಡೈನ್ ಮೇಲೆ.

ನೀರಂಚಿನಲ್ಲಿ ಬೆಳೆಯುವ ಒಂದು ಜಾತಿಗೆ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಸೆಲೆರೇಟಸ್, ಅಂದರೆ ದುಷ್ಟ. ಕುಲದಲ್ಲೇ ಬಹಳ ಉರಿಯುಳ್ಳ ಗಿಡ ಅದು. ಸಾರ್ಡೀನಿಯಾ ದ್ವೀಪದಲ್ಲಿ ಒಂದು ಸೊಪ್ಪು ತಿಂದವರು ಮುಖ ಸೊಟ್ಟಗಾಗಿ ನಕ್ಕಂತೆ ಸಾಯುತ್ತಿದ್ದರು ಎಂದು ಪ್ರಾಚೀನರು ಬರೆದಿದ್ದಾರೆ. ಸಾರ್ಡೋನಿಕ್ ನಗೆ ಎಂಬ ಮಾತನ್ನು ಈ ದ್ವೀಪದ ಹೆಸರಿಗೇ ತಳುಕು ಹಾಕುತ್ತಾರೆ. ಆ ಸೊಪ್ಪು ಈ ಸೆಲೆರೇಟಸ್ಸೇ ಎಂದು ಶತಮಾನಗಳ ಕಾಲ ಹೇಳುತ್ತಿದ್ದರು. 2009ರಲ್ಲಿ ಇಟಲಿಯ ವಿಜ್ಞಾನಿಗಳು ಈನಾಂಥೆ ಎಂಬ ಕೊತ್ತಂಬರಿ ಕುಟುಂಬದ ವಿಷಗಿಡವೇ ಅದು ಎಂದು ತೋರಿಸಿದರು. ನಮ್ಮ ದುಷ್ಟನ ಮೇಲಿದ್ದ ಆ ಒಂದು ಆರೋಪವಾದರೂ ಇಳಿಯಿತು. ಈ ಗಿಡ ಉತ್ತರ ಭಾರತದ ನದಿದಂಡೆಗಳಲ್ಲೂ ಇದೆ. ಹಿಂದಿಯಲ್ಲಿ ಜಲಧನಿಯಾ, ನೀರು ಕೊತ್ತಂಬರಿ. ಇಂಗ್ಲೆಂಡಿನವರು ಎಲೆ ನೋಡಿ ಸೆಲೆರಿ ಎಂದರು, ಇಲ್ಲಿಯವರು ಕೊತ್ತಂಬರಿ ಎಂದರು.

ದಕ್ಷಿಣದಲ್ಲಿ ಬೆಣ್ಣೆಬಟ್ಟಲನ್ನು ನೋಡಬೇಕೆಂದರೆ ನೀಲಗಿರಿಯ, ಪಳನಿಯ ಎತ್ತರದ ಶೋಲಾ ಹುಲ್ಲುಗಾವಲಿಗೆ ಹೋಗಬೇಕು. ಅಲ್ಲಿನ ರನನ್‌ಕ್ಯುಲಸ್ ರೆನಿಫಾರ್ಮಿಸ್ ಜಾತಿಗೆ ಮೂತ್ರಪಿಂಡದ ಆಕಾರದ ಎಲೆ, ಮಿನುಗುವ ಹಳದಿ ಹೂ. ಕುಟುಂಬದ ಬೇರೆ ಸದಸ್ಯರು ನಮಗೆ ಇನ್ನೂ ಹತ್ತಿರ: ಆಯುರ್ವೇದದಲ್ಲಿ ಶುದ್ಧಿ ಮಾಡದೆ ಮುಟ್ಟಬಾರದ ವತ್ಸನಾಭಿ, ಅಡುಗೆಮನೆಯ ಕರಿಜೀರಿಗೆ.

ಇಂಗ್ಲೆಂಡಿನ ಮಕ್ಕಳ ಒಂದು ಆಟವಿದೆ. ಹೂವನ್ನು ಗೆಳತಿಯ ಗಲ್ಲದ ಕೆಳಗೆ ಹಿಡಿಯುವುದು. ಚರ್ಮದ ಮೇಲೆ ಹಳದಿ ಬೆಳಕು ಬಿದ್ದರೆ ಅವಳಿಗೆ ಬೆಣ್ಣೆ ಇಷ್ಟ. ಬಿಸಿಲಿದ್ದರೆ ಬೆಳಕು ಬಿದ್ದೇ ಬೀಳುತ್ತದೆ. ಬೇರೆ ಹಳದಿ ಹೂವನ್ನು ಹಿಡಿದು ನೋಡಿ, ಅಷ್ಟು ಚೆಂದ ಬರುವುದಿಲ್ಲ. ಇದಕ್ಕೆ ಕಾರಣವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವಿವರಿಸಿದರು. ಎಸಳಿನ ಮೇಲಿನ ಕೋಶಪದರ ಗಾಜಿನ ಹಾಗೆ ಸಪಾಟು, ಬಣ್ಣವಿರುವುದು ಅದರಲ್ಲೇ. ಅದರ ಕೆಳಗೆ ತೆಳುವಾದ ಗಾಳಿಯ ಪದರ, ಅದಕ್ಕೂ ಕೆಳಗೆ ಪಿಷ್ಟ ತುಂಬಿದ ಬಿಳಿ ಪದರ. ಬೆಳಕು ಮೇಲ್ಮೈಯಿಂದಲೂ ಗಾಳಿಯ ಪದರದಿಂದಲೂ ಕನ್ನಡಿಯಂತೆ ಮರಳುತ್ತದೆ. ಒಳಹೊಕ್ಕದ್ದು ಪಿಷ್ಟಕ್ಕೆ ತಾಗಿ ಬಣ್ಣದ ಪದರವನ್ನು ಮತ್ತೊಮ್ಮೆ ಹಾದು ಹೊರಬರುತ್ತದೆ. ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನೂ ಈ ಎಸಳು ಹೊಳೆಯಿಸುತ್ತದೆ, ಜೇನುನೊಣಕ್ಕೆ ಅದು ದೂರದಿಂದಲೇ ಕಾಣುವ ದೀಪ. 2017ರಲ್ಲಿ ನೆದರ್ಲೆಂಡಿನ ವಿಜ್ಞಾನಿಗಳು ಇನ್ನೊಂದು ಮಾತು ಸೇರಿಸಿದರು. ಸೂರ್ಯನತ್ತ ಮುಖ ಮಾಡುವ ಈ ಬಟ್ಟಲಿನ ಬಾಗು ಬೆಳಕನ್ನು ನಡುವಿನ ಕೇಸರಗಳ ಮೇಲೆ ಕೂಡಿಸಿ ಅವನ್ನು ಬೆಚ್ಚಗಿಡುತ್ತದೆ. ಚಳಿ ನಾಡಿನ ಹೂವಿಗೆ ಅದು ಸಣ್ಣ ಉಪಕಾರವಲ್ಲ.

ಈ ಹೂ ತುಂಬಿ ನಿಲ್ಲುತ್ತಿದ್ದ ಹಳೆಯ ಹುಲ್ಲುಗಾವಲುಗಳು ಅಲ್ಲಿ ಈಗ ಬಹಳ ಉಳಿದಿಲ್ಲ. 1930ರ ದಶಕದಿಂದ 1984ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್ ತಮ್ಮ ಹೂವಿನ ಹುಲ್ಲುಗಾವಲುಗಳಲ್ಲಿ ನೂರಕ್ಕೆ 97ರಷ್ಟನ್ನು ಕಳೆದುಕೊಂಡವು. ಉತ್ತು ಗೊಬ್ಬರ ಹಾಕಿ ಒಂದೇ ತರಹದ ಹುಲ್ಲು ಬಿತ್ತಿದರು. ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಕಣಿವೆಯ ಮುಕರ್ ಹಳ್ಳಿಯಲ್ಲಿ ಅಂಥ ಕೆಲವು ಇನ್ನೂ ಉಳಿದಿವೆ. ಹೂ ತುಂಬಿದ ಗದ್ದೆಗಳ ನಡುವೆ ಚಪ್ಪಡಿ ಹಾಸಿದ ಕಿರುದಾರಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ ಎಂಬ ಕೋರಿಕೆಯ ಫಲಕ. ಅಲ್ಲಿ ಹುಲ್ಲೆಂದರೆ ಬೆಳೆ, ತುಳಿದರೆ ದನದ ಚಳಿಗಾಲದ ಮೇವನ್ನೇ ತುಳಿದಂತೆ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಆ ಕಡೆ ನೆಲೆಸಿದ್ದು ನೀವು ಬೇಸಿಗೆಗೆ ಹೋಗುವುದಿದ್ದರೆ ಒಂದು ಕೆಲಸ ಮಾಡಿ ನೋಡಿ. ಮೊದಲು, ನೆಲದ ಮೇಲೆ ಹಬ್ಬುವ ಜಾತಿಯ ಬೆಣ್ಣೆಬಟ್ಟಲನ್ನು ಗುರುತಿಸಿ. ಹೂವಿನ ತೊಟ್ಟಿನ ಮೇಲೆ ಉದ್ದಕ್ಕೂ ಗೀರು ಕೈಗೆ ತಾಗಬೇಕು. ನುಣುಪಾದ ತೊಟ್ಟಿನದು ಎತ್ತರದ ಜಾತಿ, ಹೂವಿನ ಕೆಳಗಿನ ಪುಷ್ಪಪತ್ರಗಳು ಹಿಂದಕ್ಕೆ ಮಡಿಚಿಕೊಂಡಿದ್ದರೆ ಗೆಡ್ಡೆಯ ಜಾತಿ. ಹಬ್ಬುವ ಗಿಡ ತನ್ನ ಬಳ್ಳಿಗಳಿಂದಲೇ ಮರಿಯಾಗುತ್ತ ವರ್ಷಗಟ್ಟಲೆ ಒಂದೇ ಗದ್ದೆಯಲ್ಲಿ ಮುಂದುವರಿಯುತ್ತದೆ. ಹಾಗೆ ಮುಂದುವರಿಯುವಾಗ ಅದರ ದೇಹದಲ್ಲಿ ಸಣ್ಣಪುಟ್ಟ ಮಾರ್ಪಾಟುಗಳು ಸೇರುತ್ತ ಹೋಗುತ್ತವೆ, ಕೆಲವು ಹೂಗಳಿಗೆ ಐದಕ್ಕಿಂತ ಹೆಚ್ಚು ಎಸಳು ಬರುತ್ತವೆ. ವೇಲ್ಸಿನ ಅಬೆರಿಸ್ಟ್‌ವಿತ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಾನ್ ವಾರೆನ್ 2009ರಲ್ಲಿ ಇದನ್ನು ವಯಸ್ಸು ಗೊತ್ತಿರುವ ಗದ್ದೆಗಳಲ್ಲಿ ಎಣಿಸಿ ನೋಡಿದರು. ನೂರು ಹೂಗಳಲ್ಲಿ ಹೆಚ್ಚು ಎಸಳಿನದು ಒಂದು ಸಿಕ್ಕರೆ ಗದ್ದೆಗೆ ಸುಮಾರು ಏಳು ವರ್ಷ, ಎರಡು ಸಿಕ್ಕರೆ ಹದಿನಾಲ್ಕು. ಹೂ ಕೀಳಬೇಕಾಗಿಲ್ಲ, ಮೊಣಕಾಲೂರಿ ಎಣಿಸಿದರೆ ಸಾಕು. ಹತ್ತು ಸಿಕ್ಕಿತೆಂದುಕೊಳ್ಳಿ. ಎಪ್ಪತ್ತು ವರ್ಷಗಳಿಂದ ಆ ನೆಲಕ್ಕೆ ನೇಗಿಲು ತಾಗಿಲ್ಲ.