ಪಂಕ್ತಿಯಲ್ಲಿ ಜಾಗ: ಸಲಿಂಗಿ ಕ್ರೈಸ್ತರು ಮತ್ತು ನಮ್ಮ ಸಭೆ



ಈ ದತ್ತಿ ಉಪನ್ಯಾಸದಲ್ಲಿ ಧರ್ಮ ಮತ್ತು ಸಮುದಾಯದ ಬಗ್ಗೆ ಮಾತಾಡಿ ಎಂದಿರಿ. ಅದರೊಳಗೆ ನಮ್ಮವರು ಬಾಯಿಗೆ ತರಲು ಹಿಂಜರಿಯುವ ಒಂದು ಸಂಗತಿಯನ್ನೇ ನಾನು ಎತ್ತಿಕೊಂಡಿದ್ದೇನೆ. ಕ್ರಿಸ್ತನನ್ನು ಮನಸಾರೆ ನಂಬಿ, ತಮ್ಮದೇ ಲಿಂಗದವರನ್ನು ಪ್ರೀತಿಸುವ ಗಂಡಸರು, ಹೆಂಗಸರು ನಮ್ಮ ಸಭೆಗಳಲ್ಲಿ ಹೇಗೆ ಬಾಳುತ್ತಿದ್ದಾರೆ ಎಂಬುದು ಆ ಸಂಗತಿ. ಈ ಮಾತನ್ನು ಬಂಕಾಪುರದಲ್ಲಿ ಆಡಲು ನನಗೆ ಅಳುಕಿಲ್ಲ. 898ರಲ್ಲಿ ಲೋಕಾದಿತ್ಯನ ಆಳ್ವಿಕೆಯಲ್ಲಿ ಜೈನರ ಉತ್ತರಪುರಾಣಕ್ಕೆ ಪೂಜೆ ಸಂದ ಊರು ಇದು. ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗ ಮಾರಸಿಂಹ ಸಲ್ಲೇಖನ ಹಿಡಿದು ದೇಹ ಬಿಟ್ಟ ಊರು. ಕನಕದಾಸರ ಬಾಡ, ಶರೀಫರ ಶಿಶುನಾಳ ಎರಡೂ ಹತ್ತಿರದಲ್ಲೇ ಇವೆ. ಬದುಕು, ಸಾವು, ದೇವರು ಕುರಿತ ಕಠಿಣ ಮಾತನ್ನು ಈ ನೆಲ ಬಹಳ ಹಿಂದಿನಿಂದ ಕೇಳಿಸಿಕೊಂಡಿದೆ.

ಮೊದಲು ನಮ್ಮ ಸಭೆಗಳು ಹುಟ್ಟಿದ ಬಗೆಯನ್ನು ನೆನೆಯೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ತಲುಪಿದರು. ಅವರ ಮಾತು ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡವರಿಗೆ ಆಮೇಲೆ ಏನಾಯಿತು? 1844ರಲ್ಲಿ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರೇ ಎದ್ದು ನಿಂತಿತು. ಮನೆ ಹೋಯಿತು, ಜಾತಿ ಹೋಯಿತು, ಹುಟ್ಟಿನಿಂದ ಬಂದ ನಂಟು ಹೋಯಿತು. ಆತನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಹೆಸರಿಲ್ಲದೆ ಹಾಗೆಯೇ ಹೊರಬಿದ್ದವರು ಎಷ್ಟೋ ಮಂದಿ. ಬಾವಿಯ ನೀರು ನಿಂತಿತು, ಕೆಲಸ ಹೋಯಿತು, ಹೆಣ್ಣು ಕೊಡುವವರು, ತರುವವರು ಇಲ್ಲವಾದರು. ಮಿಷನ್ನಿನವರು ನೇಯ್ಗೆ ಶಾಲೆ ತೆರೆದದ್ದು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ಬರೀ ವ್ಯಾಪಾರಕ್ಕಲ್ಲ. ಮನೆಯಿಂದ ದೂಡಿಸಿಕೊಂಡವರ ಹೊಟ್ಟೆಗೆ ದಾರಿ ಬೇಕಿತ್ತು. ರಕ್ತಸಂಬಂಧ ಕೈಬಿಟ್ಟವರಿಗೆ ಸಭೆಯೇ ತಾಯಿಮನೆ, ಸಭೆಯೇ ಬೀಗರ ಮನೆ, ಸತ್ತಾಗ ಹೆಗಲು ಕೊಡುವ ನಾಲ್ವರೂ ಸಭೆಯವರೇ.

ಈ ಇತಿಹಾಸವನ್ನು ನಾವು ಜುಬಿಲಿ ಸಂಚಿಕೆಗಳಲ್ಲಿ ಹೆಮ್ಮೆಯಿಂದ ಅಚ್ಚು ಹಾಕುತ್ತೇವೆ. ನನ್ನ ಇಂದಿನ ವಾದ ಪೂರ್ತಿ ಅದರ ಮೇಲೆಯೇ ನಿಂತಿದೆ. ಮನೆ ಕಳೆದುಕೊಂಡವರು ಕೂಡಿ ಕಟ್ಟಿದ ಸಭೆ, ಇಂದು ತನ್ನ ಮಗನೋ ಮಗಳೋ ಮನೆ ಕಳೆದುಕೊಳ್ಳುವಾಗ ಹೊಸ್ತಿಲಲ್ಲಿ ನಿಂತು ವಾಕ್ಯ ಓದಬಾರದು.

ಸಲಿಂಗಿ ಕ್ರೈಸ್ತರು ಎಲ್ಲೋ ದೂರದಲ್ಲಿಲ್ಲ. ಅವರು ಕ್ವಾಯರಿನಲ್ಲಿದ್ದಾರೆ, ಕೀಬೋರ್ಡ್ ಮುಂದೆ ಕೂತಿದ್ದಾರೆ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಾರೆ, ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಗೆ ಬೆಲೆ ಕೂಗುತ್ತಾರೆ. ಸಭೆ ಅವರ ಕೈಯ ಕೆಲಸವನ್ನು ಸಂತೋಷದಿಂದ ಪಡೆಯುತ್ತದೆ. ಮಾತು ಮದುವೆಗೆ ಬಂದಾಗ ಮಾತ್ರ ತೊಡಕು. ಇಪ್ಪತ್ತೈದು ದಾಟಿದ ಹುಡುಗ ಪ್ರತಿ ಭಾನುವಾರ ಆರಾಧನೆ ಮುಗಿಸಿ ಹೊರಬಂದರೆ ಅಂಗಳದಲ್ಲಿ ಅತ್ತೆಯಂದಿರು ಕಾದಿರುತ್ತಾರೆ: “ಏನಪ, ಯಾವಾಗ ಊಟ ಹಾಕಿಸ್ತೀ?” ಪ್ರೀತಿಯಿಂದಲೇ ಕೇಳುವ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲೆಂದೇ ಆರಾಧನೆ ಬಿಟ್ಟವರಿದ್ದಾರೆ. ಹುಡುಗಿಯರ ಪಾಡು ಇನ್ನೂ ಬಿಗಿ. ಗಂಡು ಹುಡುಗ ಕೆಲಸದ ನೆಪ ಹೇಳಿ ಬೆಂಗಳೂರಿಗೆ ಹೋದಾನು. ಹೆಣ್ಣುಮಗಳಿಗೆ ನೆಪಕ್ಕೂ ಅಪ್ಪನ ಅಪ್ಪಣೆ ಬೇಕು.

ಅಮೆರಿಕದಲ್ಲಿ 1968ರ ಅಕ್ಟೋಬರ್ 6ರಂದು ಟ್ರಾಯ್ ಪೆರಿ ಎಂಬ ಪಾಸ್ಟರ್ ತನ್ನ ಮನೆಯಲ್ಲೇ ಹನ್ನೆರಡು ಮಂದಿಯೊಡನೆ ಆರಾಧನೆ ಶುರು ಮಾಡಿದರು. ಸಲಿಂಗಿಗಳಿಗೆ ಬಾಗಿಲು ತೆರೆದ ಆ ಸಭೆ ಮೆಟ್ರೊಪಾಲಿಟನ್ ಕಮ್ಯೂನಿಟಿ ಚರ್ಚ್ ಎಂದು ಬೆಳೆಯಿತು. ಹಾಗೆ ಬೇರೆ ಸಭೆಯನ್ನೇ ಕಟ್ಟಿಕೊಳ್ಳಲಿ ಎಂದು ಕೆಲವರು ಸಲೀಸಾಗಿ ಹೇಳುತ್ತಾರೆ. ನಮ್ಮ ಸಣ್ಣ ಊರುಗಳಿಗೆ ಅದು ಹೊಂದುವುದಿಲ್ಲ. ಇಲ್ಲಿ ಸಭೆ ಎಂದರೆ ನಾಲ್ಕಾರು ಮನೆತನಗಳ ಹೆಣಿಗೆ. ಶಾಲೆಯ ನೌಕರಿ, ಬಾಡಿಗೆ ಮನೆ, ಮದುವೆಯ ನಂಟು, ಸಮಾಧಿಯ ಜಾಗ ಎಲ್ಲವೂ ಅದೇ ಹೆಣಿಗೆಯಲ್ಲಿವೆ. ಅದನ್ನು ಬಿಟ್ಟವನಿಗೆ ಬೇರೆ ಚರ್ಚು ಸಿಕ್ಕೀತು, ಬೇರೆ ಊರು ಎಲ್ಲಿಂದ ಸಿಗಬೇಕು?

ಆದ್ದರಿಂದ ಅನೇಕರು ಬೆಂಗಳೂರಿನ ರೈಲು ಹತ್ತುತ್ತಾರೆ. ಅಲ್ಲಿ 1994ರಲ್ಲೇ ಗುಡ್ ಆ್ಯಸ್ ಯೂ ಎಂಬ ಬೆಂಬಲದ ಗುಂಪು ಕೂಡಿತು, 1999ರಲ್ಲಿ ಸಂಗಮ ಎಂಬ ಸಂಸ್ಥೆ ಹುಟ್ಟಿತು, 2008ರಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಅಲ್ಲಿ ಉಸಿರಾಡಲು ಎಡೆಯಿದೆ. ಆದರೂ ಒಂದು ನೋವನ್ನು ಹೊರಗಿನವರು ಸುಲಭವಾಗಿ ಕಾಣರು. ಚರ್ಚಿನಲ್ಲಿ ಅವರು ತಮ್ಮ ಪ್ರೀತಿಯನ್ನು ಮುಚ್ಚಿಡಬೇಕು. ಗೆಳೆಯರ ನಡುವೆ ತಮ್ಮ ಪ್ರಾರ್ಥನೆಯನ್ನು ಮುಚ್ಚಿಡಬೇಕು. ಚರ್ಚಿನಿಂದ ಗಾಯಗೊಂಡವರ ಗುಂಪಿನಲ್ಲಿ ‘ನಾನು ಇನ್ನೂ ಪ್ರಭುಭೋಜನಕ್ಕೆ ಹೋಗುತ್ತೇನೆ’ ಎನ್ನಲು ಧೈರ್ಯ ಬೇಕು. ಈ ಎರಡನೆಯ ಮೌನಕ್ಕೂ ಹೊಣೆ ನಮ್ಮದೇ, ಏಕೆಂದರೆ ಗಾಯ ಮಾಡಿದವರು ನಾವು.

ನಮ್ಮ ಸೀಮೆಯಲ್ಲಿ ಇದಕ್ಕೆ ನೆರೆಯ ಇನ್ನೊಂದು ಜಗತ್ತಿದೆ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರನ್ನು ನೀವೆಲ್ಲ ಬಲ್ಲಿರಿ. ಸೀರೆ ಉಟ್ಟು ಕೊಡ ಹೊತ್ತವರಿಗೆ ಭಕ್ತರು ಕೈಮುಗಿಯುತ್ತಾರೆ. ಆ ಪರಂಪರೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಅದು ಲಿಂಗತ್ವದ ಮಾತು, ನಾನು ಹೇಳುತ್ತಿರುವುದು ಒಲವಿನ ಮಾತು. ಎರಡೂ ಒಂದೇ ಅಲ್ಲ. ಜೋಗಪ್ಪಂದಿರ ಬದುಕೂ ಹೂವಿನ ಹಾಸಿಗೆಯಲ್ಲ. ಆದರೂ ಅಲ್ಲಿ ದೇವಿಯ ಹೆಸರಲ್ಲಿ ಒಂದು ಸ್ಥಾನವಿದೆ. ಕ್ರೈಸ್ತ ಮನೆಯ ಮಗುವಿಗೆ ಅಂಥದೊಂದು ಸ್ಥಾನವೂ ಇಲ್ಲ.

ಇನ್ನು ವಾಕ್ಯದ ಮಾತು. ಯಾಜಕಕಾಂಡ, ರೋಮಾಪುರದವರಿಗೆ ಬರೆದ ಪತ್ರ, ಕೊರಿಂಥದವರಿಗೆ ಬರೆದ ಮೊದಲ ಪತ್ರ—ಸಲಿಂಗ ಒಲವನ್ನು ಪಾಪವೆನ್ನಲು ಈ ಭಾಗಗಳನ್ನು ಎತ್ತಿ ತೋರಿಸುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರಿಗೆ ಪವಿತ್ರ ಗ್ರಂಥದ ಮೇಲೆ ಭಯಭಕ್ತಿ ಇದೆ, ನನಗೂ ಇದೆ. ಆದರೆ ಸೊದೋಮಿನ ಪಾಪ ಯಾವುದೆಂದು ಪ್ರವಾದಿ ಯೆಹೆಜ್ಕೇಲನೇ ತನ್ನ 16ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ: ಹೊಟ್ಟೆ ತುಂಬಿದ ಸೊಕ್ಕು, ದಿಕ್ಕಿಲ್ಲದವರ ಕೈ ಹಿಡಿಯದ ಮನಸ್ಸು. ಅಪೊಸ್ತಲರ ಕೃತ್ಯಗಳು 8ನೆಯ ಅಧ್ಯಾಯದ ಐಥಿಯೋಪ್ಯದ ಕಂಚುಕಿಯನ್ನೂ ನೋಡಿ. ಧರ್ಮಶಾಸ್ತ್ರದ ಪ್ರಕಾರ ದೇವರ ಸಭೆಯೊಳಗೆ ಅವನಿಗೆ ಪ್ರವೇಶವಿರಲಿಲ್ಲ. ಆದರೂ ನೀರು ಕಂಡ ಕೂಡಲೇ ಫಿಲಿಪ್ಪನು ಅವನೊಡನೆ ರಥದಿಂದ ಇಳಿದು ದೀಕ್ಷಾಸ್ನಾನ ಮಾಡಿಸಿದ. ನಮ್ಮ ಅಜ್ಜ ಮುತ್ತಜ್ಜಂದಿರನ್ನೂ ಶಾಸ್ತ್ರ ಹೊರಗಿಟ್ಟಿತ್ತು, ಅವರನ್ನೂ ಯಾರೋ ಇಳಿದು ಬಂದು ಕರೆದರು.

ವಿದ್ವಾಂಸರು ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಕಲಿಸಿದ ಜಾರ್ಜ್ ಜಕರಿಯಾ ಅವರಂಥವರು ಚರ್ಚು ಮತ್ತು ಸಲಿಂಗಿದ್ವೇಷದ ಮೇಲೆ ಪುಸ್ತಕಗಳನ್ನೇ ತಂದಿದ್ದಾರೆ. ನಾಗಪುರದಲ್ಲಿ ಕಚೇರಿಯಿರುವ ಭಾರತದ ಕ್ರೈಸ್ತ ಸಭೆಗಳ ರಾಷ್ಟ್ರೀಯ ಪರಿಷತ್ತು ಸಹ ಸಭಾಪಾಲಕರ ನಡುವೆ ಈ ಚರ್ಚೆ ನಡೆಸಿದೆ. ಇತ್ತ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಉಳಿಯಲೇಬೇಕೆಂದು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. 1860ರಲ್ಲಿ ಬ್ರಿಟಿಷ್ ಸರ್ಕಾರ ಬರೆದ ಆ ಕಲಮಿನಿಂದ, ಒಪ್ಪಿ ಕೂಡಿದ ವಯಸ್ಕರನ್ನು 2018ರ ಸೆಪ್ಟೆಂಬರ್ 6ರಂದು ನ್ಯಾಯಾಲಯ ಬಿಡಿಸಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ.

ನಮಗೆ ಸುವಾರ್ತೆ ತಂದ ನಾಡಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಭೆಗಳ ಒಕ್ಕೂಟ 2019ರಲ್ಲಿ ಸಲಿಂಗಿಗಳ ಮದುವೆಗೆ ಒಪ್ಪಿಗೆ ಸೂಚಿಸಿತು. 2021ರಲ್ಲಿ ಆ ದೇಶದ ಜನರೇ ಮತ ಹಾಕಿ ಅದನ್ನು ಕಾನೂನಾಗಿಸಿದರು. ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದ ಮೋಗ್ಲಿಂಗರ ಊರಿದ್ದ ಜರ್ಮನಿಯ ವ್ಯುರ್ಟೆಂಬರ್ಗ್ ಸಭೆ ಕೆಲವು ಸಭೆಗಳಲ್ಲಿ ಆಶೀರ್ವಾದಕ್ಕೆ ಅನುಮತಿ ಕೊಟ್ಟಿತು. ಬಾಸೆಲ್ಲಿನವರು ಮಾಡಿದರೆಂದು ನಾವೂ ಮಾಡಬೇಕಿಲ್ಲ. ಆದರೆ ‘ಮಿಷನರಿಗಳು ಕಲಿಸಿದ್ದು ಹೀಗಲ್ಲ’ ಎನ್ನುವವರು, ಆ ಮಿಷನರಿಗಳ ಮರಿಮಕ್ಕಳು ಅದೇ ಗ್ರಂಥ ಓದಿ ಎಲ್ಲಿಗೆ ಬಂದು ನಿಂತಿದ್ದಾರೆ ಎಂಬುದನ್ನೂ ತಿಳಿದಿರಲಿ.

ಮದುವೆಯ ಪ್ರಶ್ನೆ ನಾಳೆಯೇ ಬಗೆಹರಿಯದು. ಅದಕ್ಕೂ ಮೊದಲೇ ನಿಲ್ಲಿಸಲೇಬೇಕಾದ ಒಂದು ಕೆಲಸವಿದೆ. ಮಗನ ಒಲವು ಗೊತ್ತಾದ ಕೂಡಲೇ ‘ದುರಾತ್ಮ ಬಿಡಿಸುವ’ ಪ್ರಾರ್ಥನೆಗೆ ಎಳೆದೊಯ್ಯುವುದು, ಉಪವಾಸ ಕೂರಿಸುವುದು, ಅವಸರದಲ್ಲಿ ಒಂದು ಹುಡುಗಿಯನ್ನು ಗಂಟು ಹಾಕುವುದು—ಇದರಲ್ಲಿ ಹಾಳಾಗುವುದು ಒಂದಲ್ಲ, ಎರಡು ಬಾಳು. ಸಲಿಂಗ ಒಲವು ಕಾಯಿಲೆಯಲ್ಲ ಎಂದು ಮನೋವೈದ್ಯರು ಸಾರಿದ್ದಾರೆ. ಅದನ್ನು ‘ಬದಲಿಸುವ’ ಚಿಕಿತ್ಸೆ ವೃತ್ತಿದ್ರೋಹ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ವೈದ್ಯನಿಗೆ ಸಲ್ಲದ್ದು ಸಭಾಪಾಲಕನಿಗೆ ಹೇಗೆ ಸಂದೀತು?

ಮಾಡಬಹುದಾದ ಕೆಲಸವೂ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ, ಸಲಿಂಗಿ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ತಿಳಿಸಿತು. ಬ್ಯಾಂಕು ಗುರುತಿಸಿದ ಆ ಸಂಗಾತಿಯನ್ನು ಸಭೆಯೂ ಗುರುತಿಸಲಿ. ಕಾಯಿಲೆ ಬಿದ್ದಾಗ ಸಭಾಪಾಲಕರು ಇಬ್ಬರ ಹೆಸರನ್ನೂ ಹೇಳಿ ಪ್ರಾರ್ಥಿಸಲಿ. ಇಪ್ಪತ್ತು ವರ್ಷ ಜೊತೆಗಿದ್ದವರು ತೀರಿಕೊಂಡಾಗ ಉಳಿದವರನ್ನು ಸ್ಮಶಾನದ ಗೇಟಿನ ಬಳಿ ‘ಗೆಳೆಯ’ ಎಂದು ನಿಲ್ಲಿಸದೆ, ಮನೆಯವರ ಸಾಲಿನಲ್ಲಿ ನಿಲ್ಲಿಸಿ ಮೊದಲ ಹಿಡಿ ಮಣ್ಣು ಹಾಕಿಸಲಿ. ಇದಕ್ಕೆ ಸಿನೋಡಿನ ಠರಾವು ಬೇಕಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಪ್ರಸ್ತಾಪ ಮಾಡಿದರೆ ಸಾಕು.