ಶ್ವಾಸಕೋಶದ ಕಾವಲುಗಾರರು



ರಕ್ತದ ಬಿಳಿಯ ಕಣಗಳನ್ನು ಕಾವಲುಗಾರರಿಗೆ ಹೋಲಿಸುವುದು ವಾಡಿಕೆ. ೧೮೮೨ರಲ್ಲಿ ಸಿಸಿಲಿಯ ಮೆಸ್ಸಿನಾ ಪಟ್ಟಣದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿಯು ನಕ್ಷತ್ರಮೀನಿನ ಮರಿಯ ಮೈಗೆ ಮುಳ್ಳು ಚುಚ್ಚಿದನು. ಮರುದಿನ ಸಂಚಾರಿ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದುದನ್ನು ಕಂಡನು. ಅಂದಿನಿಂದ ಈ ಹೋಲಿಕೆಗೆ ಬಲ ಬಂದಿತು. ಆದರೆ ಬಂದ ಕಾವಲುಗಾರರು ಹಿಂದಿರುಗದೆ ಮನೆಯಲ್ಲಿಯೇ ಬೀಡುಬಿಟ್ಟರೆ ಆಗುವುದೇನು? ದೀರ್ಘಕಾಲದ ಶ್ವಾಸಕೋಶ ವ್ಯಾಧಿಯಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ.

ಶ್ವಾಸಕೋಶದಲ್ಲಿ ಕೋಟ್ಯಂತರ ಗಾಳಿಗೂಡುಗಳಿವೆ. ಅವುಗಳ ಗೋಡೆಯಲ್ಲಿರುವ ಎಲಾಸ್ಟಿನ್ ಎಂಬ ಎಳೆಗಳು ರಬ್ಬರಿನಂತೆ ಹಿಗ್ಗಿ ಕುಗ್ಗುವುವು. ಆ ಬಿಗಿಯಿಂದಲೇ ಉಸಿರು ಸಲೀಸಾಗಿ ಹೊರಬೀಳುವುದು. ಬೀಡಿ ಸಿಗರೇಟಿನ ಹೊಗೆಯಾಗಲಿ, ಗಾಳಿಯಾಡದ ಅಡಿಗೆಮನೆಯ ಸೌದೆಯ ಹೊಗೆಯಾಗಲಿ ವರ್ಷಗಟ್ಟಲೆ ಒಳಹೊಕ್ಕರೆ, ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಗುಂಪುಗುಂಪಾಗಿ ಅಲ್ಲಿ ನೆರೆಯುವುವು. ಅವುಗಳ ಆಯುಧ ಎಲಾಸ್ಟೇಸ್ ಎಂಬ ಕಿಣ್ವ. ಅದು ರೋಗಾಣುವನ್ನು ಸೀಳಬಲ್ಲುದು. ಎಲಾಸ್ಟಿನ್ ಎಳೆಯನ್ನೂ ಸೀಳಬಲ್ಲುದು. ಗೋಡೆಗಳು ಹರಿದು ಹಲವು ಗೂಡುಗಳು ಒಂದಾದಾಗ, ಎಳೆದ ಉಸಿರನ್ನು ಬಿಡುವುದೇ ರೋಗಿಗೆ ಪ್ರಯಾಸವಾಗುವುದು. (ಕಫಕ್ಕೆ ಹಸುರು ಬಣ್ಣ ಕೊಡುವುದೂ ನ್ಯೂಟ್ರೋಫಿಲ್‌ಗಳ ಇನ್ನೊಂದು ಕಿಣ್ವವೇ!)

ಈ ಆಯುಧಕ್ಕೆ ಒರೆಯೂ ಉಂಟು. ಯಕೃತ್ತಿನಲ್ಲಿ ಹುಟ್ಟುವ ಆಂಟಿಟ್ರಿಪ್ಸಿನ್ ಎಂಬ ಸಸಾರಜನಕ ವಸ್ತುವು ಎಲಾಸ್ಟೇಸನ್ನು ಹಿಡಿದು ನಿಲ್ಲಿಸುವುದು. ೧೯೬೩ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬವರು ಸುಮಾರು ೧೫೦೦ ರಕ್ತದ ಮಾದರಿಗಳಲ್ಲಿ ಐದರಲ್ಲಿ ಈ ವಸ್ತುವಿನ ಗೆರೆಯೇ ಕಾಣದಿದ್ದುದನ್ನು ಗಮನಿಸಿದರು. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ಗೂಡುಗಳು ಹರಿದಿದ್ದುವು. ಇಂಥ ಜನ್ಮಸಿದ್ಧವಾದ ಕೊರತೆ ವಿರಳ. ಆದರೆ ತಂಬಾಕಿನ ಹೊಗೆಯು ಆರೋಗ್ಯವಂತನ ಆಂಟಿಟ್ರಿಪ್ಸಿನ್ನನ್ನೂ ಕೆಡಿಸುವುದು. ಕತ್ತಿಯನ್ನು ಹಿರಿಸಿದ ಹೊಗೆಯೇ ಒರೆಯನ್ನೂ ಸುಟ್ಟಂತಾಯಿತು.

ಎಲ್ಲ ರೋಗಿಗಳಲ್ಲಿಯೂ ಒಂದೇ ಬಗೆಯ ಕಣವು ಮೇಲುಗೈಯಾಗಿರುವುದಿಲ್ಲ. ಕೆಲವರಲ್ಲಿ ಇಯೊಸಿನೊಫಿಲ್ ಎಂಬ ಕಣಗಳು ಹೆಚ್ಚು. ಉಸಿರಿನೊಡನೆ ಸೇದುವ ಸ್ಟೀರಾಯಿಡ್ ಔಷಧವು ಇಂಥವರಿಗೆ ಹೆಚ್ಚು ಫಲಕಾರಿ. ನ್ಯೂಟ್ರೋಫಿಲ್‌ಗಳು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಆದುದರಿಂದ ವೈದ್ಯರು ರಕ್ತದ ಕಣಗಳನ್ನು ಎಣಿಸಿ ನೋಡೋಣವೆಂದರೆ, "ಕೆಮ್ಮಿಗೆ ರಕ್ತಪರೀಕ್ಷೆ ಏಕೆ?" ಎಂದು ಬೇಸರಪಡಬೇಕಾದುದಿಲ್ಲ. ಘನ ಮಿಲಿಮೀಟರಿಗೆ ೩೦೦ ಅಥವಾ ಅದಕ್ಕಿಂತ ಹೆಚ್ಚು ಇಯೊಸಿನೊಫಿಲ್‌ಗಳಿದ್ದು, ವ್ಯಾಧಿಯು ಮತ್ತೆ ಮತ್ತೆ ಉಲ್ಬಣಿಸುತ್ತಿದ್ದರೆ, ಆ ಔಷಧದ ಕಡೆಗೆ ವೈದ್ಯರ ಒಲವು ಹೆಚ್ಚುವುದು.

ಹರಿದ ಗೂಡನ್ನು ಮತ್ತೆ ಹೊಲಿಯುವ ಔಷಧ ಇನ್ನೂ ದೊರೆತಿಲ್ಲ. ಧೂಮಪಾನವನ್ನು ಬಿಟ್ಟ ಮೇಲೂ ಒಳಗೆ ನೆರೆದ ಕಣಗಳು ಬಹುಕಾಲ ಚದರುವುದಿಲ್ಲ. ಹಾಗಿದ್ದರೂ ಬಿಟ್ಟವರಲ್ಲಿ ಶ್ವಾಸಶಕ್ತಿಯು ಕುಂದುವ ವೇಗವು, ಬಿಡದವರಿಗಿಂತ ಕಡಮೆಯಾಗುವುದು. ಐವತ್ತು ವರ್ಷ ದಾಟಿದವರಲ್ಲಿಯೂ ಹೀಗೆಯೇ.